ಎದುರುಮನೆಯವರ ಹೆಪ್ಪಿನ ಬಟ್ಟಲು

ಕಾಕ್ಸ್ ಟೌನ್‌ನಲ್ಲಿ ನಮ್ಮ ಎದುರು ಫ್ಲಾಟಿಗೆ ಬಂದ ಧಾರವಾಡದ ಹೆಂಗಸು, ದಿನಾ ಸಂಜೆ ದೀಪ ಹಚ್ಚುವ ಮೊದಲೇ ಸ್ಟೀಲ್ ಬಟ್ಟಲು ಹಿಡಿದು ನಿಲ್ಲುತ್ತಿದ್ದರು. "ಒಂದ್ ಚಮಚ ಹೆಪ್ಪು ಕೊಡ್ರಿ, ಯಾಕೋ ಮೊಸರ ಆಗವಲ್ದು." ಚಮಚ ಹೆಪ್ಪಿಗೆ ಹೊಸ್ತಿಲಲ್ಲೇ ಅರ್ಧ ಗಂಟೆ ಮಾತು.

ಅವರ ಗಂಡನಿಗೆ ಜಿಮ್‌ನಲ್ಲಿ ಯಾರೋ ಗ್ರೀಕ್ ಯೋಗರ್ಟ್ ಎಂಬ ಗಟ್ಟಿ ಮೊಸರು ತಿನ್ನಲು ಹೇಳಿದರಂತೆ. ಮೊಸರಿನ ಮಷೀನ್ ಆರಿಸಲು ಆಕೆ ನನ್ನನ್ನೂ ಶಿವಾಜಿನಗರದ ಅಂಗಡಿಗೆ ಕರೆದೊಯ್ದರು. ಒಂದಕ್ಕೆ ಏಳು ಗಾಜಿನ ಜಾಡಿ, ಇನ್ನೊಂದಕ್ಕೆ ನೀರು ಬಸಿಯುವ ಜಾಲರಿ, ಮತ್ತೊಂದಕ್ಕೆ ಟೈಮರ್. ನನ್ನ ತಲೆ ಕೆಟ್ಟುಹೋಯಿತು. ಅವರು ಮಾತ್ರ ಒಂದೊಂದೇ ಮುಚ್ಚಳವನ್ನು ಬೆರಳಲ್ಲಿ ತಟ್ಟಿ, "ಇದಕ್ಕೂ ಹೆಪ್ಪು ಬೇಕೇನ್ರಿ?" ಎಂದು ಕೇಳುತ್ತಿದ್ದರು.

"ಎಲ್ಲಕ್ಕೂ ಬೇಕು ಮೇಡಂ," ಎಂದ ಅಂಗಡಿಯವನು.

ಅವರ ಮುಖ ಅರಳಿತು. "ಹಂಗಾರ ಯಾವ್ದಾದ್ರೂ ಕೊಡ್ರಿ."

ವಾರದ ಮೇಲೆ ಮಷೀನ್ ಹೇಗಿದೆ ನೋಡೋಣವೆಂದು ಅವರ ಮನೆಗೆ ಹೋದೆ. ಪೆಟ್ಟಿಗೆಯನ್ನೇ ಬಿಚ್ಚಿರಲಿಲ್ಲ. ನೀರು ಕೊಡಲು ಅವರು ಫ್ರಿಜ್ ತೆಗೆದಾಗ ಗಡಿಗೆ ತುಂಬ ಮೊಸರು ಕಂಡಿತು, ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ.

ಸಂಜೆ ನಮ್ಮ ಮನೆಯ ಬೆಲ್ ಆಯಿತು. ಅದೇ ಬಟ್ಟಲು. "ಯಾಕೋ ಮೊಸರ ಆಗವಲ್ದ್ರಿ."

ಅವತ್ತು ಎರಡು ಚಮಚ ಹಾಕಿದೆ.