ಬೇವೂರಿನ ಮಾವಿನಮರ ಹತ್ತಿದ್ದು

ಎಲೆಯ ಡಿಎನ್‌ಎ ನೋಡಿ ಮಾವಿನ ಮರಗಳ ನಡುವಿನ ವ್ಯತ್ಯಾಸ ಗುರುತಿಸುವುದು ಎಂಬತ್ತರ ದಶಕದ ಕೊನೆಯಲ್ಲಿ ಹೊಸ ಕೆಲಸ. ಅದಕ್ಕೆ ಎಳೆಯ ಎಲೆಯೇ ಬೇಕು, ಐಸಿನಲ್ಲಿಡದಿದ್ದರೆ ಅದು ಕೆಡುತ್ತದೆ. ಸಂಶೋಧನೆಗೆಂದು ಐಸಿನ ಡಬ್ಬಿ ಹಿಡಿದು ನಾನು ಹೋಗಿದ್ದ ಬೇವೂರಿನ ಹೊಲದಲ್ಲಿ ಚಿಗುರು ಇದ್ದದ್ದು ಮರದ ತುದಿಯಲ್ಲಿ. ನಾನು ಸೀರೆಗೆ ಕಚ್ಚೆ ಹಾಕಿದೆ.

"ಹೆಣ್ಣಮಕ್ಕಳು ಹತ್ತಿದ್ರ ಗಿಡ ಬಂಜಿ ಆಗತೈತ್ರಿ, ಅಕ್ಕಾರ," ಎಂದರು ಹೊಲದ ಯಜಮಾನರು. "ನನ್ನ ಮಗ ಸಂತಿಯಿಂದ ಬರೂತನಾ ಕುಂದರ್ರಿ."

"ಅಷ್ಟರಾಗ ಐಸ್ ನೀರಾಗತೈತ್ರಿ, ಕಾಕಾ. ಇದನ್ನ ನೆಟ್ಟವರು ಯಾರ್ರಿ?"

"ನಮ್ಮವ್ವ."

"ಆಕಿ ಕೈ ಹತ್ತಿದಾಗ ಬಂಜಿ ಆಗಲಿಲ್ಲೇನ್ರಿ?"

"ನೆಡೂದು ಬ್ಯಾರೆ, ಹತ್ತೂದು ಬ್ಯಾರೆ."

ನಾನಾಗಲೇ ಎರಡನೇ ಕೊಂಬೆಯಲ್ಲಿದ್ದೆ. "ಕಾಯಿ ಬಿಡದಿದ್ರ ನನ್ನ ಬೈರಿ," ಎಂದು ಚಿಗುರು ಕಿತ್ತೆ.

ಮರುವರ್ಷ ಕಾಯಿಯ ಭಾರಕ್ಕೆ ಆ ಮರದ ಕೊಂಬೆಯೇ ಮುರಿಯಿತಂತೆ. ಅದಕ್ಕೂ ನನ್ನನ್ನೇ ಬೈದರಂತೆ.