ಅರಿಷಿಣ ಹಚ್ಚಿದ ಆರ್ಟ್ ಪೇಪರ್

ಪುಸ್ತಕ ತೆರೆಯಲು ಏನು ಬೇಕು? ಅಕ್ಷರ ಗೊತ್ತಿರಬೇಕು, ಸ್ವಲ್ಪ ಆಸಕ್ತಿ ಇರಬೇಕು ಎಂದು ನಾನು ಇಷ್ಟು ದಿನ ತಿಳಿದಿದ್ದೆ. ಚಾಕು ಬೇಕು ಎಂದು ಗೊತ್ತಾದದ್ದು ಎರಡು ತಿಂಗಳ ಹಿಂದೆ, ಗಜೇಂದ್ರಗಡದ ಒಂದು ನೇಕಾರರ ಸಂಘದ ಪಡಸಾಲೆಯಲ್ಲಿ.

ಮುನ್ನೂರು ಪುಸ್ತಿಕೆಗಳು. ನುಣ್ಣಗೆ ಹೊಳೆಯುವ, ಹಾಲಿನಂಥ ಬಿಳುಪಿನ ಆರ್ಟ್ ಪೇಪರಿನವು. ಒಂದೂ ತೆರೆಯಲಿಲ್ಲ. ಸಂಘದ ಅಧ್ಯಕ್ಷರು ಒಂದನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದರು. ಚರ್ರೆಂದಿತು.

"ಬೈಂಡಿಂಗ್ ಭಾಳ ಗಟ್ಟಿ ಮಾಡ್ಯಾನವಾ," ಎಂದು ಮೆಚ್ಚಿಕೊಂಡರು.

(ಬೈಂಡಿಂಗ್ ಇರಲೇ ಇಲ್ಲ. ನಡುವೆ ಎರಡು ಪಿನ್ನು ಹೊಡೆದಿದ್ದರು, ಅಷ್ಟೆ.)

ಮೊದಲಿನಿಂದ ಹೇಳುವುದು ಒಳ್ಳೆಯದು. ಸಂಘದ ಹೆಸರು ಮಾತ್ರ ಹೇಳುವುದಿಲ್ಲ. ನಾನು ಇನ್ನೂ ಇದೇ ಊರಲ್ಲಿ ಇರಬೇಕಾಗಿದೆ.

ಮುಂಬಯಿಯಲ್ಲಿ ಕೈಮಗ್ಗದ ಸೀರೆಗಳ ಪ್ರದರ್ಶನವಿತ್ತು. ಅಲ್ಲಿಗೆ ಬರುವ ಅಂಗಡಿಕಾರರ ಕೈಗೆ ಕೊಡಲು ಒಂದು ಚಂದದ ಪುಸ್ತಿಕೆ ಬೇಕೆಂದು ಸಂಘ ಠರಾಯಿಸಿತು. ಮಾಡಿಸುವವರು ಯಾರು? ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದವಳು ಒಬ್ಬಳು ಊರಲ್ಲಿ ಸುಮ್ಮನೆ ಕುಳಿತಿದ್ದಾಳಲ್ಲ. ನಮ್ಮ ಕಡೆ ಬಿ.ಎ. ಎಂದರೆ ಎಲ್ಲ ರೋಗಕ್ಕೂ ಒಂದೇ ಗುಳಿಗೆ. ಅರ್ಜಿ ಬರೆಯಲಿಕ್ಕೆ, ತಂತಿ ಬಂದರೆ ಓದಲಿಕ್ಕೆ, ಗಡಿಯಾರ ನಿಂತರೆ ಅಲುಗಾಡಿಸಿ ನೋಡಲಿಕ್ಕೆ.

ನಾನು ಒಪ್ಪಿದ್ದು ಸಂಘಕ್ಕಾಗಿ ಅಲ್ಲ. ನೀಲವ್ವನಿಗಾಗಿ.

ನೀಲವ್ವ ನಮ್ಮ ಓಣಿಯ ನೇಕಾರಳು. ಸೀರೆಯ ಅಂಚಿನ ದಡಿಯಲ್ಲಿ ಜೋಳದ ತೆನೆಗಳ ಸಾಲು ಎತ್ತುತ್ತಾಳೆ. ಅತ್ತೆಯಿಂದ ಕಲಿತದ್ದು. ಊರಲ್ಲಿ ಬೇರೆ ಯಾರಿಗೂ ಈ ತೆನೆ ದಡಿ ಬರುವುದಿಲ್ಲ. ನೇಯಲು ದಿನ ಹೆಚ್ಚು ಹಿಡಿಯುತ್ತದೆ, ಕೇಳುವವರು ಕಡಿಮೆ. ಆದ್ದರಿಂದ ಸಂಘ ಅವಳಿಗೆ ಒಂದು ಮಾತು ಹೇಳಿತ್ತು. ಮುಂಬಯಿಯಿಂದ ಈ ದಡಿಗೆ ಬೇಡಿಕೆ ಬಂದರೆ ಸರಿ; ಬರದಿದ್ದರೆ ಇನ್ನು ಮುಂದೆ ಇದಕ್ಕೆ ನೂಲು ಸಿಗುವುದಿಲ್ಲ, ಎಲ್ಲರಂತೆ ಸಾದಾ ದಡಿ ನೇಯಬೇಕು.

"ಅಕ್ಕಾರ, ನಮ್ಮ ತೆನಿ ಪುಸ್ತಕದಾಗ ಖರೇನ ಕಾಣ್ತಾವೇನ್ರಿ?" ಎಂದು ಕೇಳಿದಳು.

"ಕಾಳು ಎಣಿಸೂಹಂಗ ಕಾಣ್ತಾವ, ನೋಡ್ತಿರ್ರಿ," ಎಂದೆ.

ಹೀಗೆ ಮಾತು ಕೊಟ್ಟು ಕಮಿಟಿಯ ಮುಂದೆ ಹೋದೆ. ಅಧ್ಯಕ್ಷರ ಮನಸ್ಸಿನಲ್ಲಿ ಪುಸ್ತಿಕೆ ಆಗಲೇ ತಯಾರಾಗಿತ್ತು. ಹಸಿರು ಕಾಗದ, ಕೆಂಪು ಮಸಿ, ಮೇಲೆ ಎರಡು ನವಿಲು. ನಾಟಕದ ಕಂಪನಿ ಊರಿಗೆ ಬಂದಾಗ ಹಂಚುವ ಹ್ಯಾಂಡ್‌ಬಿಲ್ಲಿನ ಹಾಗೆ. ನಾನು ಆರ್ಟ್ ಪೇಪರ್ ಬೇಕೆಂದೆ.

"ಅದ್ಯಾಕ ಬೇಕವಾ?"

"ಫೋಟೋ ಸ್ವಚ್ಛ ಬರತಾವ್ರಿ ಸಾವ್ಕಾರ್ರ."

"ಯಾರ ಫೋಟೋ?"

"ನಿಮ್ದೂ ಹಾಕಬಹುದ್ರಿ."

ಆರ್ಟ್ ಪೇಪರ್ ಅದೇ ಉಸಿರಿನಲ್ಲಿ ಮಂಜೂರಾಯಿತು. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದ್ದು ವ್ಯರ್ಥವಾಗಲಿಲ್ಲ.

ಅಚ್ಚು ಹಾಕಿಸಲು ನರಗುಂದಕ್ಕೆ ಹೋದೆ. ರೋಣದಲ್ಲಿ ಬಸ್ಸು ಬದಲಿಸಬೇಕು. ಬದಲಿ ಬಸ್ಸು ಬಂದರೆ. ಗುಡ್ಡದ ಕೆಳಗಿನ ಓಣಿಯಲ್ಲಿ ವಾಮನರಾಯರ ಛಾಪಖಾನೆ. ಕಾಲಿನಿಂದ ತುಳಿದು ನಡೆಸುವ ಒಂದು ಟ್ರೆಡಲ್ ಮಶೀನು, ನಾಲ್ಕು ಪೆಟ್ಟಿಗೆ ಅಚ್ಚಿನ ಮೊಳೆ. ಅಡತಿ ಅಂಗಡಿಗಳ ಪಾವತಿ ಪುಸ್ತಕ, ಲಗ್ನಪತ್ರಿಕೆ ಅವರ ನಿತ್ಯದ ಕೆಲಸ.

ದಡಿಗಳ ಫೋಟೋದಿಂದ ಮಾಡಿಸಿದ ಬ್ಲಾಕುಗಳನ್ನು ನಾನೇ ತಂದಿದ್ದೆ. ಫೋಟೋ ಬ್ಲಾಕೆಂದರೆ ಲೋಹದ ತಗಡಿನ ಮೇಲೆ ಸಾವಿರಾರು ಚುಕ್ಕಿಗಳು. ಚುಕ್ಕಿ ಸಣ್ಣದಾದಷ್ಟೂ ಚಿತ್ರ ಸ್ಪಷ್ಟ, ಆದರೆ ಕಾಗದವೂ ಅಷ್ಟೇ ನುಣುಪಾಗಿರಬೇಕು. ವಾಮನರಾಯರು ಮೊದಲು ಹ್ಯಾಂಡ್‌ಬಿಲ್ಲಿನ ಕಾಗದದ ಮೇಲೆ ತೆನೆ ದಡಿಯನ್ನು ಒತ್ತಿ ತೋರಿಸಿದರು. ಚುಕ್ಕಿಗಳ ನಡುವೆ ಮಸಿ ತುಂಬಿ, ಮಗುವಿನ ಕೆನ್ನೆಗೆ ಹರಡಿದ ಕಾಡಿಗೆಯಂತೆ ಕಂಡಿತು. ಆಮೇಲೆ ಆರ್ಟ್ ಪೇಪರಿನ ಮೇಲೆ ಒತ್ತಿದರು. ಎಳೆ ಎಳೆ ಬಿಡಿಸಿಟ್ಟಂತೆ ತೆನೆಗಳು ಎದ್ದವು. ಕಾಳು ಎಣಿಸಬಹುದಿತ್ತು. ನಾನು ಎಣಿಸಿದೆ. ಆ ಹಾಳೆಯನ್ನು ಮಡಿಸದೆ ಚೀಲದಲ್ಲಿಟ್ಟುಕೊಂಡೆ.

"ಕಾಗದ ಚಲೋ ಅದರೀ ಬಾಯಾರ, ಆದ್ರ ಭಾಳ ನಾಜೂಕು," ಎಂದರು ರಾಯರು. "ಬಿಳೀ ಮಣ್ಣಿಗೆ ಅಂಟು ಕಲಸಿ ಮ್ಯಾಲೆ ಬಳದಿರ್ತಾರ. ನೀರು ತಾಕಿತೋ, ಅಂಟು ಮತ್ತ ಅಂಟ ಆಗ್ತದ."

"ಪುಸ್ತಕಕ್ಕ ನೀರು ಯಾರು ಹಾಕ್ತಾರ್ರಿ?" ಎಂದು ನಕ್ಕೆ.

ಈ ನಗುವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ರಾಯರು ಬಿಡಲಿಲ್ಲ. "ಅರಿವಿ ಮಾರಲಿಕ್ಕೆ ಇಷ್ಟೆಲ್ಲಾ ಯಾಕ? ದಪ್ಪನ್ನ ಕಾಗದಕ್ಕ ಒಂದು ಅರಿವಿ ತುಂಡು ಹಚ್ಚಿದ್ರ ಆಗೂದಿಲ್ಲೇನು?"

"ಇದು ಜಾಹೀರಾತು ರೀ. ದರ್ಜೀ ಅಂಗಡಿ ಅಲ್ಲ."

ಅವರು ಮಶೀನಿನ ಕಡೆ ತಿರುಗಿದರು. ಹಾಗಿದ್ದೂ ಸೀರೆಗಳ ಹೆಸರು, ಅಳತೆ, ಸಂಘದ ವಿಳಾಸ ಇದ್ದ ಒಂದು ಬಿಡಿ ಹಾಳೆಯನ್ನು, ತಮ್ಮಲ್ಲಿ ಉಳಿದಿದ್ದ ಕೈಕಾಗದದ ಮೇಲೆ ನೂರು ಪ್ರತಿ ಅಚ್ಚು ಹಾಕಿ ಬಂಡಲಿಗೆ ಸೇರಿಸಿದರು. ಒರಟು, ದಪ್ಪ, ಮಾಸಲು ಬಣ್ಣ. ಅಧ್ಯಕ್ಷರ ಫೋಟೋ ಇಲ್ಲದ ಹಾಳೆ. ಅದರ ಭವಿಷ್ಯ ನನಗೆ ಅಲ್ಲೇ ಗೊತ್ತಾಯಿತು.

ಪುಸ್ತಿಕೆಯ ವಿನ್ಯಾಸ ನನ್ನದೇ. ಅಧ್ಯಕ್ಷರ ಫೋಟೋ ಪುಟದ ನಟ್ಟನಡುವೆ. ದಡಿಗಳ ಚಿತ್ರ ಮಾತ್ರ ಪುಟದ ಅಂಚಿಗೆ, ಉದ್ದಕ್ಕೂ. ಸೀರೆಗೆ ದಡಿ ಎಲ್ಲಿರುತ್ತದೋ ಪುಟಕ್ಕೂ ಅಲ್ಲೇ. ಈ ಜಾಣತನಕ್ಕೆ ನಾನು ಎರಡು ದಿನ ಒಳಗೊಳಗೇ ಬೀಗಿದೆ. ಬಂಡಲಿನ ಮೇಲೆ ಒಂದು ಚೀಟಿಯನ್ನೂ ಅಂಟಿಸಿದೆ. ಮಡಿಸಬಾರದು. ಬಿಸಿಲಿಗೆ ಇಡಬಾರದು. ಎಣ್ಣೆಗೈಯಿಂದ ಮುಟ್ಟಬಾರದು. ನೀರಿನ ಮಾತು ಬರೆಯಲಿಲ್ಲ. ಬುದ್ಧಿಯಿದ್ದವರಿಗೆ ಅದನ್ನೂ ಹೇಳಬೇಕೇ?

ಪುಸ್ತಿಕೆ ಸಂಘಕ್ಕೆ ಬಂದ ಸಂಜೆ ಸಮಾರಂಭವಿತ್ತು. ನಾನು ಹೋಗಲಿಲ್ಲ. ಭಾಷಣ ಇರುವಲ್ಲಿಗೆ ಹೋಗದಿರುವುದು ನನ್ನ ನಿಯಮ. ಅಧ್ಯಕ್ಷರು ಮಾತು ಮುಗಿಸಿ ಪುಸ್ತಿಕೆಯನ್ನು ಕೈಗೆತ್ತಿಕೊಂಡರಂತೆ. ನೋಡಿದರಂತೆ. ಗಾಬರಿಯಾದರಂತೆ.

ಅವರ ಗಾಬರಿಯ ಕಾರಣವನ್ನು ಮರುದಿನ ಅವರೇ ನನಗೆ ವಿವರಿಸಿದರು.

"ಅರಿಷಿಣ ಇಲ್ಲದ ಕಾಗದ ಊರ ಬಿಟ್ಟು ಹೊಂಟ್ರ ನೋಡಿದವ ಏನ ತಿಳ್ಕೋತಾನವಾ? ಯಾರೋ ಸತ್ತಾರ ಅಂತ ತಿಳ್ಕೋತಾನ. ಅದರಾಗ ನನ್ನ ಫೋಟೋ ಬ್ಯಾರೆ ಐತಿ, ಕರೀ ಮಸ್ಯಾಗ!"

ಮಾತು ನಿಜವೇ. ನಮ್ಮ ಮನೆಗಳಲ್ಲಿ ಶುಭದ ಕಾಗದಕ್ಕೆ ನಾಲ್ಕೂ ಮೂಲೆಗೆ ಅರಿಷಿಣ. ಸಾವಿನ ಕಾಗದಕ್ಕೆ ಮಾತ್ರ ಇಲ್ಲ. ಲಗ್ನಪತ್ರಿಕೆಗೆ ನಾನೂ ಎಷ್ಟೋ ಸಲ ಹಚ್ಚಿದ್ದೇನೆ. ಆದರೆ ಬ್ಲಾಕಿನ ಚುಕ್ಕಿ ಎಷ್ಟು ಸಣ್ಣದಿರಬೇಕೆಂದು ಯೋಚಿಸಿದವಳಿಗೆ, ಅಚ್ಚಾದ ಕಾಗದ ನಮ್ಮೂರಲ್ಲಿ ಯಾರ ಕೈಗೆ ಹೋಗುತ್ತದೆ, ಆ ಕೈ ಮೊದಲು ಏನು ಮಾಡುತ್ತದೆ ಎಂದು ಹೊಳೆಯಲೇ ಇಲ್ಲ.

ಅಧ್ಯಕ್ಷರ ಅಪ್ಪಣೆಯಂತೆ ರಾತ್ರಿಯೇ ಅರಿಷಿಣ ಹಚ್ಚಲು ಕುಳಿತ ಸಂಘದ ಹೆಣ್ಣುಮಕ್ಕಳು ಮೊದಲು ನನ್ನ ಚೀಟಿಯನ್ನು ಓದಿಸಿ ಕೇಳಿದ್ದರು. ಮೂರೂ ಸೂಚನೆ ಪಾಲಿಸಿದ್ದರು. ಮಡಿಸಲಿಲ್ಲ. ಬಿಸಿಲಿಗಿಡಲಿಲ್ಲ. ಎಣ್ಣೆಗೈ ಬೇಡವೆಂದಿತ್ತಲ್ಲ, ಚೆನ್ನಾಗಿ ಕೈ ತೊಳೆದುಕೊಂಡು ಬಂದು ನೀರಿನಲ್ಲಿ ಅರಿಷಿಣ ಕಲಸಿದ್ದರು. ಹೊರಗಿನ ಪುಟಕ್ಕಷ್ಟೇ ಹಚ್ಚಿದರೆ ಒಳಗಿನ ಸೀರೆಗಳಿಗೆ ಮಂಗಳವಾಗುವುದು ಹೇಗೆ? ಪ್ರತಿ ಪುಟದ ನಾಲ್ಕೂ ಮೂಲೆಗೆ, ಅಂಚಿಗೆ ಇಳಿಯುವಂತೆ ಧಾರಾಳವಾಗಿ ಹಚ್ಚಿದ್ದರು. ಆಮೇಲೆ ಪುಟ ಸುರುಳಿಯಾಗಬಾರದೆಂದು ಒಂದರ ಮೇಲೊಂದು ಪೇರಿಸಿ ಮೇಲೆ ಬೀಸುವ ಕಲ್ಲು ಇಟ್ಟಿದ್ದರು. ಇಷ್ಟು ಶ್ರದ್ಧೆ ಇದ್ದ ಮೇಲೆ ಪುಸ್ತಕ ಯಾಕೆ ತೆರೆಯಬೇಕು?

ಬೆಳಿಗ್ಗೆ ನಾನು ಹೋದಾಗ ನೀಲವ್ವ ಮೊದಲೇ ಬಂದು ಕುಳಿತಿದ್ದಳು, ತನ್ನ ತೆನೆ ನೋಡಲು. ಚಾಕುವಿನಿಂದ ಒಂದು ಪುಟ ಬಿಡಿಸಿದೆವು. ಅಂಚಿನ ಬಿಳಿ ಮಣ್ಣೆಲ್ಲ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ತೆನೆ ಅರ್ಧ ಈ ಪುಟದಲ್ಲಿ, ಅರ್ಧ ಎದುರು ಪುಟದಲ್ಲಿ, ಎಡಬಲ ತಿರುಗಿ. ಅಂಚಿನಲ್ಲಿದ್ದ ಒಂದು ದಡಿಯೂ ಉಳಿದಿರಲಿಲ್ಲ. ನಟ್ಟನಡುವೆ ಅಧ್ಯಕ್ಷರು ಮಾತ್ರ ಒಂದು ಕಲೆಯಿಲ್ಲದೆ ಮೀಸೆ ತಿರುವಿಕೊಂಡು ಕುಳಿತಿದ್ದರು.

"ಕಾಳು ಎಣಿಸೂಹಂಗ ಕಾಣ್ತಾವ ಅಂದಿದ್ರಿ," ಎಂದಳು ನೀಲವ್ವ. ಬೈದಿದ್ದರೆ ಚೆನ್ನಾಗಿತ್ತು.

ಸಂಘದ ಕಾರ್ಯದರ್ಶಿ ಮರುದಿನ ಬೆಳಿಗ್ಗೆಯ ಬಸ್ಸಿಗೆ ಮುಂಬಯಿಗೆ ಹೊರಡುವವರು. ಹೊಸದಾಗಿ ಅಚ್ಚು ಹಾಕಿಸಲು ಸಮಯವಿಲ್ಲ. ಆಗ ಅಧ್ಯಕ್ಷರಿಗೆ ಉಪಾಯ ಹೊಳೆಯಿತು.

"ಅಂಟಿದ್ದು ಅಂಚಷ್ಟ ಅಲ್ಲೇನು? ಪಿನ್ನಿನ ಕಡೆ ಬಿಟ್ಟು ಮೂರೂ ಕಡೆ ಕತ್ತರಿಸಿ ಒಗೀರಿ. ಪುಸ್ತಕ ತನ್ನಷ್ಟಕ್ಕ ತಾನ ಬಿಚ್ಚತೈತಿ."

ಖರೇನೇ ಬಿಚ್ಚಿತು. ದಡಿಗಳೆಲ್ಲ ಕತ್ತರಿಗೆ ಹೋದವು, ಅಧ್ಯಕ್ಷರು ಉಳಿದರು. ಸೀರೆಗಳ ಪುಸ್ತಿಕೆಯಲ್ಲಿ ಸೀರೆಯೊಂದು ಇರಲಿಲ್ಲ, ಅಷ್ಟೆ. ಅಂಥ ಸಣ್ಣ ಲೋಪ ಯಾವ ಪ್ರಕಟಣೆಯಲ್ಲಿ ಇರುವುದಿಲ್ಲ?

ಅವರ ಕತ್ತರಿಯ ಕೆಲಸ ನಡೆದಿರುವಾಗ ನೀಲವ್ವ ಮೂಲೆಯಲ್ಲಿ ಬಿದ್ದಿದ್ದ ಆ ನೂರು ಬಿಡಿ ಹಾಳೆಗಳ ಕಟ್ಟು ಬಿಚ್ಚಿದಳು. ಅವುಗಳಿಗೆ ಯಾರೂ ಅರಿಷಿಣ ಹಚ್ಚಿರಲಿಲ್ಲ. ಫೋಟೋ ಇಲ್ಲದ ಕಾಗದಕ್ಕೆ ಮಂಗಳವೇಕೆ? ಅವಳು ಒಂದು ಹಾಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದಳು, ಬಟ್ಟೆ ನೋಡುವಂತೆ.

"ಅಕ್ಕಾರ, ಇದು ಅರಿವಿ ಇದ್ದಂಗ ಐತಲ್ರೀ. ಸೂಜಿ ತಡೀತೈತಿ."

ಎದ್ದು ಮನೆಗೆ ಹೋದಳು. ಬರುವಾಗ ತೋಳಿನ ಮೇಲೆ ಸೀರೆಯಿತ್ತು, ಹೊಸದು, ಆ ಹಂಗಾಮಿನಲ್ಲಿ ಅವಳು ನೇಯ್ದ ಒಂದೇ ತೆನೆ ದಡಿಯ ಸೀರೆ. ಕತ್ತರಿ ಕೇಳಿದಳು.

"ಬ್ಯಾಡ್ರಿ ನೀಲವ್ವಾ. ಇಡೀ ಸೀರಿ ಹಾಳಾಗತದ."

"ಸೀರಿ ಹೋದ್ರ ಇನ್ನೊಂದ ನೇಯ್ತೀನ್ರಿ. ದಡೀನ ಹೋದ್ರ ಏನ ನೇಯಲಿ?"

ಒಂದು ಕಡೆಯ ದಡಿಯನ್ನು ಉದ್ದಕ್ಕೂ ಕತ್ತರಿಸಿದಳು. ಅದನ್ನು ಎರಡೆರಡು ಬೆರಳಿನಗಲ ತುಂಡು ಮಾಡಿದಳು. ಮಧ್ಯಾಹ್ನವಿಡೀ ಇಬ್ಬರೂ ಕುಳಿತು ಹಾಳೆಗೊಂದರಂತೆ ಹೊಲಿದೆವು. ಒರಟು ಕಾಗದ ಸೂಜಿಗೆ ಬಿರಿಯಲಿಲ್ಲ, ದಾರಕ್ಕೆ ಹರಿಯಲಿಲ್ಲ. ನರಗುಂದದಲ್ಲಿ ದರ್ಜಿ ಅಂಗಡಿಯ ಬಗ್ಗೆ ಆಡಿದ ಮಾತು ಹಾಳೆಹಾಳೆಗೂ ನೆನಪಾಯಿತು.

ನನ್ನ ಹೊಲಿಗೆಯನ್ನು ನೀಲವ್ವ ತಿರುವಿ ನೋಡಿದಳು. "ದೊಡ್ಡ ಸಾಲ್ಯಾಗ ಇದನ್ನ ಕಲಸಂಗಿಲ್ಲೇನ್ರಿ?"

ಕಲಿಸುವುದಿಲ್ಲ ಎಂದೆ. ನಾನು ಹೊಲಿದದ್ದರಲ್ಲಿ ಅರ್ಧವನ್ನು ಬಿಚ್ಚಿ ಮತ್ತೆ ಹೊಲಿದಳು.

ಕಾರ್ಯದರ್ಶಿ ಎರಡನ್ನೂ ಒಯ್ದರು. ಅಧ್ಯಕ್ಷರ ಪುಸ್ತಿಕೆ ಟ್ರಂಕಿನಲ್ಲಿ, ನಮ್ಮ ಹಾಳೆಗಳು ಚೀಲದಲ್ಲಿ. ಮುಂಬಯಿಯ ಅಂಗಡಿಕಾರರೊಬ್ಬರ ಪತ್ರ ಹೋದ ವಾರ ಬಂತು. ಇಂಗ್ಲಿಷಿನಲ್ಲಿತ್ತು, ಆದ್ದರಿಂದ ಕಮಿಟಿಯೆದುರು ಓದಿ ಹೇಳುವ ಭಾಗ್ಯ ನನ್ನದಾಯಿತು. ಹಾಳೆಗೆ ಹೊಲಿದಿದ್ದ ದಡಿಯನ್ನು ಮುಟ್ಟಿ ನೋಡಿದೆವು, ತುಂಬ ಹಿಡಿಸಿತು, ಅಂಥ ಎರಡು ಡಜನ್ ಸೀರೆ ಕಳಿಸಿರಿ ಎಂದಿತ್ತು. ಕೊನೆಗೆ ಇನ್ನೊಂದು ಸಾಲು. ಜೊತೆಗೆ ಬಂದ ಸಣ್ಣ ಪುಸ್ತಕದಲ್ಲಿ ಒಬ್ಬ ಗೃಹಸ್ಥರ ಚಿತ್ರವಿದೆ, ಅವರು ಮಾರುವ ವಸ್ತು ಯಾವುದೆಂದು ತಿಳಿಯಲಿಲ್ಲ.

ನಾನು ಒಂದಕ್ಷರವನ್ನೂ ಬಿಡದೆ ಓದಿದೆ. ಅನುವಾದದಲ್ಲಿ ನಿಷ್ಠೆ ಮುಖ್ಯ.

ಅಧ್ಯಕ್ಷರು ಪತ್ರವನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದರು. ಆಮೇಲೆ ನೀಲವ್ವನಿಗೆ ಎರಡು ಡಜನ್ ಸೀರೆಗೆ ಬೇಕಾಗುವ ನೂಲು ಮಂಜೂರು ಮಾಡಿದರು. ಪುಸ್ತಿಕೆಯ ಬಗ್ಗೆಯೂ ತೀರ್ಮಾನ ಕೊಟ್ಟರು.

"ಆ ಕಾಗದಾನ ಸರಿ ಇಲ್ಲ ಬಿಡ್ರಿ. ಒಂದೀಟು ಅರಿಷಿಣ ತಡಿಯೂದಿಲ್ಲಂದ್ರ ಅದೆಂಥಾ ಕಾಗದ?"

ಆ ಸಂಜೆ ನೀಲವ್ವನ ಮನೆಗೆ ಹೋದೆ. ಒಂದೇ ದಡಿಯ ಆ ಸೀರೆಯನ್ನೇ ಉಟ್ಟು, ಹೊಸ ನೂಲು ಬಿಡಿಸುತ್ತಿದ್ದಳು. ನರಗುಂದದಿಂದ ಚೀಲದಲ್ಲಿಟ್ಟುಕೊಂಡು ಬಂದಿದ್ದ ಮೊದಲ ಹಾಳೆಯನ್ನು ಅವಳಿಗೆ ಕೊಟ್ಟೆ. ಆರ್ಟ್ ಪೇಪರಿನ ಮೇಲೆ ತೆನೆ ದಡಿ ಉಳಿದದ್ದು ಅದೊಂದರಲ್ಲೇ. ಅವಳು ಬಾಗಿಲ ಬೆಳಕಿಗೆ ಹಿಡಿದು, ಬೆರಳು ತಾಗಿಸದೆ, ತುಟಿಯಲ್ಲೇ ಕಾಳು ಎಣಿಸಿದಳು. ಪೂರ್ತಿ ಎಣಿಸಿದಳು.

ಆಮೇಲೆ ಹಾಳೆಯನ್ನು ದೇವರ ಜಗಲಿಯ ಮೇಲಿಟ್ಟು, ಅರಿಷಿಣದ ಬಟ್ಟಲಿಗೆ ಎರಡು ಹನಿ ನೀರು ಬಿಟ್ಟಳು.

ಬೇಡ ಎನ್ನಲು ಬಾಯಿ ತೆರೆದವಳು ಸುಮ್ಮನಾದೆ. ಹಾಳೆ ಇದ್ದದ್ದು ಒಂದೇ. ಅಂಟಿಕೊಳ್ಳಲು ಪಕ್ಕದಲ್ಲಿ ಅಧ್ಯಕ್ಷರು ಇಲ್ಲದ ಮೇಲೆ ಇನ್ನೇನು ಭಯ?