ಟಕ್ ಟಕ್ ಎಂದರೆ ಮೂಳೆ ಮಾತಾಡುತ್ತದೆ

ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕಟ್ಟು ಹಾಕುತ್ತಿದ್ದ ಟಕಟಕ ಮಾಮನಿಗೆ ಮೂಳೆಗಳ ಮಾತು ಕೇಳಿಸುತ್ತಿತ್ತು. ಹಾಗೆಂದು ಹೊರಗಿನ ಬೆಂಚು ಸಾರುತ್ತಿತ್ತು. ಅಲ್ಲಿ ಕೂತವರಿಗೆ ಬೇರೆ ಕೆಲಸವೂ ಇರಲಿಲ್ಲ. ಮಾಮ ಬೆರಳ ಗೆಣ್ಣಿನಿಂದ ಪ್ಲಾಸ್ಟರನ್ನು ಎರಡು ಸಲ ಬಡಿದು, ಕಲ್ಲಂಗಡಿ ಕೊಳ್ಳುವವನಂತೆ ತಲೆ ವಾಲಿಸುತ್ತಿದ್ದ. ಕೂದಲೆಳೆಯಷ್ಟು ಬಿರುಕಾದರೆ ಮೂಳೆ ಪಿಸುಗುಟ್ಟುತ್ತದಂತೆ. ಮಕ್ಕಳ ಮೂಳೆ ಹಸಿ ಕಡ್ಡಿಯ ಹಾಗೆ ಬಾಗಿ ಅರ್ಧ ಸೀಳಿದ್ದರೆ ಮುಲುಗುತ್ತದಂತೆ. ಚರ್ಮ ಹರಿದು ಹೊರಬಂದ ಮೂಳೆ ಮಾತ್ರ ಮಾಮನನ್ನು ಮಾತಾಡಿಸದೆ ನೇರ ಆಪರೇಷನ್ನಿಗೆ, ಪ್ಲೇಟು-ಸ್ಕ್ರೂಗಳ ಕಡೆಗೆ ಹೋಗುತ್ತದಂತೆ.

ಟೈಲರಕ್ಕ ಇದನ್ನು ನಂಬಿರಲಿಲ್ಲ. ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡಾಗ ಅವಳ ತಲೆಯಲ್ಲಿದ್ದದ್ದು ಒಂದೇ: ಈ ಕೈ ಇನ್ನು ಕತ್ತರಿ ಹಿಡಿದೀತೇ? ಡಾಕ್ಟರು ಕೈ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಜರುಗಿದ ಮೂಳೆಯನ್ನು ಎಳೆದು ಸರಿಯಾಗಿ ಕೂರಿಸಿದರು. ಮಾಮ ಒದ್ದೆ ಪಟ್ಟಿ ಸುತ್ತಿದ.

"ಕೈ ಎತ್ತಿ ಇಟ್ಕೊಳ್ಳಿ, ಬೆರಳು ಆಡಿಸ್ತಾ ಇರಿ. ಬಿಗಿ ಅನಿಸಿದ್ರೆ ತಕ್ಷಣ ಬನ್ನಿ. ಇಲ್ಲದಿದ್ರೂ ನಾಳೆ ಬನ್ನಿ."

ಬಿಗಿ ಅನಿಸಿತು. ಆದರೆ ಮೂವತ್ತು ವರ್ಷ ಮೈಗೊಪ್ಪುವ ಬಟ್ಟೆ ಹೊಲಿದವಳಿಗೆ ಬಿಗಿ ಎಂದರೆ ಹೊಗಳಿಕೆ. "ನೋಡೇ, ಎಲ್ಲೂ ಒಂದು ಸುಕ್ಕಿಲ್ಲ. ಏನು ಫಿಟ್ಟಿಂಗು ಅಂತೀಯ" ಎಂದು ತಂಗಿಗೆ ತೋರಿಸಿ, ನೋವನ್ನು ನುಂಗಿಕೊಂಡಳು.

ಮರುದಿನ ಮಾಮ ಟಕ್ ಟಕ್ ಎಂದು ಬಡಿದ. ವಾಲಿದ ತಲೆ ಹಾಗೇ ನಿಂತಿತು.

"ಬೆರಳು ಜುಮ್ಮು ಹಿಡಿದಿದೆಯಾ?"

"ಸ್ವಲ್ಪ. ಫಿಟ್ಟಿಂಗ್ ಚೆನ್ನಾಗಿದೆಯಲ್ಲ, ಅದಕ್ಕೆ."

ಮಾಮ ಡಾಕ್ಟರನ್ನು ಕೂಗಿ, ಗರಗಸ ಹಿಡಿದು, ಪ್ಲಾಸ್ಟರನ್ನು ಉದ್ದಕ್ಕೂ ಸೀಳಿ ಅಗಲಿಸಿದ. "ನಿಮ್ಮ ಗಿರಾಕಿಗಳು ಬಟ್ಟೆ ಹಾಕ್ಕೊಂಡ ಮೇಲೆ ಊದ್ಕೊಳ್ಳಲ್ಲ ಅಕ್ಕ. ಕೈ ಊದ್ಕೊಳ್ಳತ್ತೆ." ಓಡಿ ಬಂದ ಡಾಕ್ಟರು, ಇನ್ನಷ್ಟು ತಡವಾಗಿದ್ದರೆ ಬೆರಳುಗಳ ಆಸೆ ಬಿಡಬೇಕಿತ್ತು ಎಂದರು.

ಊತ ಇಳಿದ ಮೇಲೆ ಹೊಸ ಕಟ್ಟು ಬಿತ್ತು. ಆರು ವಾರಕ್ಕೆ ಅದೂ ಬಿಚ್ಚಿತು. ಒಳಗಿಂದ ಬಂದದ್ದು ಯಾರದೋ ಕೈಯಂತೆ ಸಣಕಲು. ರಬ್ಬರ್ ಚೆಂಡು ಹಿಸುಕಿ ಹಿಸುಕಿ, ಮೂರನೇ ತಿಂಗಳಿಗೆ ಆ ಕೈ ಕತ್ತರಿ ಹಿಡಿಯಿತು. ಮೊದಲು ಹೊಲಿದದ್ದು ಮಾಮನಿಗೊಂದು ಅಂಗಿ. ಬೇಕೆಂದೇ ಎರಡು ಬೆರಳಷ್ಟು ಸಡಿಲ.

ಟೈಲರಕ್ಕ ಅಂಗಿಯನ್ನು ಮಾಮನ ಕೈಗಿಟ್ಟಳು. "ಈ ಕೈ ನೀವು ಉಳಿಸಿಕೊಟ್ಟದ್ದು ಮಾಮ. ಅವತ್ತು ನನ್ನ ಮೂಳೆ ನಿಮ್ಮ ಕಿವೀಲಿ ಏನು ಹೇಳ್ತು, ನಿಜ ಹೇಳಿ."

ಹೊರಗಿನ ಬೆಂಚು ಉಸಿರು ಬಿಗಿಹಿಡಿಯಿತು.

"ಮೂಳೆ ಏನೂ ಹೇಳಲಿಲ್ಲಕ್ಕ. ನಾನು ಬಡಿಯೋದು ಪ್ಲಾಸ್ಟರ್ ಒಣಗಿದೆಯಾ ಅಂತ. ನಿಮ್ಮ ಬೆರಳು ನೀಲಿಯಾಗಿದ್ವು, ನೋಡ್ದೆ."